ಕಾರ ಹತ್ತಿದವರಿಗೆ ಮಜ್ಜಿಗೆ

ಹೇಳಿದ ಮಾತು ಕೇಳದ ಮಕ್ಕಳನ್ನು ಹೆತ್ತು ಅಳುವ ತಾಯಂದಿರು ಎಲ್ಲ ಊರಲ್ಲೂ ಇರುತ್ತಾರೆ. ಹರಪನಹಳ್ಳಿಯ ಕೊಟ್ರವ್ವ ಅಳುತ್ತಿದ್ದದ್ದು ಮಗ ಹೇಳಿದ ಮಾತು ಕೇಳುತ್ತಾನಲ್ಲ ಅಂತ!

ಮಗನ ಹೆಸರು ಕರಿಬಸ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. "ಹಾಲು ಉಕ್ಕುತ್ತೆ, ನೋಡಲೇ" ಅಂದರೆ ನೋಡುತ್ತಿದ್ದ. ಉಕ್ಕುವುದನ್ನು ನೋಡುತ್ತಿದ್ದ, ಚೆಲ್ಲುವುದನ್ನು ನೋಡುತ್ತಿದ್ದ, ಒಲೆ ಆರುವುದನ್ನೂ ನೋಡುತ್ತಿದ್ದ. ಆಮೇಲೆ "ನೋಡಿದೆ ಕಣವ್ವ, ಚೆನ್ನಾಗಿ ಉಕ್ಕಿತು" ಅನ್ನುತ್ತಿದ್ದ. ಕೊಟ್ರವ್ವ ಹಣೆ ಬಡಿದುಕೊಳ್ಳುತ್ತಿದ್ದಳು.

ಪಕ್ಕದ ಮನೆಯ ನಿಜಗುಣನ ಹತ್ತಿರ ಒಂದು ಹಳೇ ಬಿಳಿ ಕಾರಿತ್ತು. ಅವನಪ್ಪ ಅದನ್ನು ಬಾಡಿಗೆಗೆ ಓಡಿಸಿ ಸಂಸಾರ ಸಾಕಿದವನು. ಊರಿನ ಮದುಮಕ್ಕಳು, ಬಾಣಂತಿಯರು ಎಲ್ಲ ಅದರಲ್ಲೇ ಓಡಾಡಿದವರು. ಅಪ್ಪ ಸಾಯುವಾಗ ಕೇಳಿದ್ದು ಒಂದೇ: "ದಾವಣಗೆರೆಯಲ್ಲಿ ಹಳೇ ಕಾರುಗಳ ಮೆರವಣಿಗೆ ಆಗುತ್ತಂತೆ. ಇದೂ ಅದರಾಗೆ ಒಂದ್ಸಲ ಓಡಲಿ ಕಣಪ್ಪಾ." ಅದಕ್ಕೇ ನಿಜಗುಣ ಒಂದು ವರ್ಷ ಆ ಕಾರನ್ನು ತಿಕ್ಕಿದ್ದ, ತೊಳೆದಿದ್ದ, ಬಣ್ಣ ಹಚ್ಚಿದ್ದ. ಗೆಳೆಯ ದಾದಾಪೀರನ ಜೊತೆ ಹೊರಟು ನಿಂತಿದ್ದ. ಮೊದಲು ಬೆಣ್ಣೆ ದೋಸೆ, ಆಮೇಲೆ ಮಂಡಕ್ಕಿ ಮಿರ್ಚಿ, ಸಂಜೆಗೆ ಮೆರವಣಿಗೆ. ಲೆಕ್ಕ ಅಷ್ಟೇ.

ಅಷ್ಟರಲ್ಲಿ ಕೊಟ್ರವ್ವ ಬಂದಳು.

"ನಿಜಗುಣಪ್ಪಾ, ನಮ್ಮ ಕರಿಬಸನ್ನೂ ಕರ್ಕೊಂಡು ಹೋಗಪ್ಪಾ. ಯಾರೂ ಎಲ್ಲಿಗೂ ಕರೆಯಂಗಿಲ್ಲ ಅವನ್ನ. ಎಡವಟ್ಟು ಮಾಡಿದ್ರೆ ನೀವು ಬೈಬ್ಯಾಡ್ರಿ, ನನಗೆ ಫೋನ್ ಮಾಡ್ರಿ. ನಾನೇ ಬೈತೀನಿ."

ನಿಜಗುಣ ಇಲ್ಲ ಅನ್ನಲಾರದೆ ಹೂಂ ಅಂದ. ಆ ಹೂಂ ಅಂದದ್ದಕ್ಕೆ ದಿನವಿಡೀ ನೊಂದ.

ಅರ್ಧ ದಾರಿಯಲ್ಲಿ ಹಿಂದಿನ ಗಾಲಿ ಮೆತ್ತಗಾಯಿತು. ಚಹಾದ ಅಂಗಡಿ ಮುಂದೆ ನಿಲ್ಲಿಸಿ ನಿಜಗುಣ ಹೇಳಿದ, "ಕರಿಬಸ, ನಾವು ಚಾ ಕುಡಿದು ಬರ್ತೀವಿ. ನೀನು ಆ ಗಾಲಿಗೆ ಸ್ವಲ್ಪ ಗಾಳಿ ಹಾಕಿರು."

ಚಾ ಕುಡಿದು ಬಂದು ನೋಡಿದರೆ ಕರಿಬಸ ಗಾಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಟವಲಿನಿಂದ ಬೀಸುತ್ತಿದ್ದಾನೆ! ಅಜ್ಜಿಗೆ ಸೆಕೆಯಾದರೆ ಮೊಮ್ಮಗ ಗಾಳಿ ಹಾಕುತ್ತಾನಲ್ಲ, ಹಾಗೆ.

"ಏನ್ ಮಾಡ್ತಿದೀಯಲೇ!"

"ಗಾಳಿ ಹಾಕ್ತಿದೀನಣ್ಣ. ಪಾಪ, ಓಡಿ ಓಡಿ ಕಾದಿತ್ತು. ಮುಟ್ಟಿ ನೋಡು, ತಣ್ಣಗಾತು."

ನಿಜಗುಣ ಉಸ್ಸಪ್ಪಾ ಅಂದು ಫೋನ್ ಮಾಡಿ ಕೊಟ್ಟ. ಕೊಟ್ರವ್ವ ಹಣೆ ಬಡಿದುಕೊಂಡಳು, ಫೋನಿನಲ್ಲೂ ಕೇಳಿಸುವ ಹಾಗೆ ಬಡಿದುಕೊಂಡಳು. "ಲೇ ಮುಟ್ಠಾಳ! ಗಾಳಿ ಹಾಕೋದು ಅಂದ್ರೆ ಬೀಸೋದಲ್ಲಲೇ! ಡಿಕ್ಕಿಯಾಗೆ ಪಂಪ್ ಇರುತ್ತೆ, ಅದರ ನಳಿಕೆ ಬಾಯಿಗೆ ಸಿಗಿಸಿ, ಗಟ್ಟಿಯಾಗಿ ಉಬ್ಬೋವರೆಗೂ ಹೊಡೀಬೇಕು!"

"ಆತು ಬಿಡವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಗಾಲಿಗೆ ಗಾಳಿ ಹೊಡೆದದ್ದು ದಾದಾಪೀರ. ಕರಿಬಸ ನೋಡುತ್ತಾ ಕಲಿತ.

ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿಂದರು. ಅಲ್ಲಿ ಏನೂ ಕೆಡಲಿಲ್ಲ. "ತಿನ್ನು" ಅಂದರು, ತಿಂದ. "ಸಾಕು" ಅನ್ನಲು ಮರೆತರು, ಅದಕ್ಕೇ ಇನ್ನಷ್ಟು ತಿಂದ. ಅದನ್ನು ಎಡವಟ್ಟು ಅಂತ ಯಾರೂ ಲೆಕ್ಕ ಹಿಡಿಯಲಿಲ್ಲ.

ಅಲ್ಲಿಂದ ಕಾರುಗಳು ಸೇರಿದ ಮೈದಾನ. ಉದ್ದಮೂಗಿನ ಕಾರು, ಗುಂಡುಬೆನ್ನಿನ ಕಾರು, ಮೇಲ್ಚಾವಣಿಯೇ ಇಲ್ಲದ ಕಾರು! ಎಲ್ಲ ಬಾನೆಟ್ ತೆಗೆದು ನಿಂತಿದ್ದವು, ಜನ ಒಳಗೆ ಬಗ್ಗಿ ಬಗ್ಗಿ ನೋಡುತ್ತಿದ್ದರು. ಮೈದಾನದ ಅಂಚಿಗೆ ಮಿರ್ಚಿ ಗಾಡಿ. ನಿಜಗುಣನಿಗೆ ಅರೆಗಳಿಗೆ ದಣಿವು ಮರೆತುಹೋಯಿತು. ದಾದಾಪೀರ ಮಂಡಕ್ಕಿಯ ಜೊತೆ ಬಿಸಿ ಬಿಸಿ ಮಿರ್ಚಿ ಕಚ್ಚಿದ. ಮೆಣಸಿನಕಾಯಿ ಅವನನ್ನು ತಿರುಗಿ ಕಚ್ಚಿತು.

"ಹಾಹಾ! ಸತ್ತೆ! ಬಾಯಿ ಉರೀತೈತೆ! ಗಾಳಿ ಹಾಕಲೇ ಕರಿಬಸ, ಗಾಳಿ!"

ಗಾಳಿ ಅಂದದ್ದೇ ತಡ, ಕರಿಬಸ ಓಡಿದ. ಡಿಕ್ಕಿ ತೆಗೆದ, ಪಂಪ್ ತಂದ. ದಾದಾಪೀರನ ಬಾಯಿಗೆ ನಳಿಕೆ ತುರುಕಿ, ಒತ್ತತೊಡಗಿದ. ದಾದಾಪೀರನ ಕೆನ್ನೆ ಉಬ್ಬಿತು, ಕಣ್ಣು ಹೊರಬಂತು, ಬಾಯಲ್ಲಿದ್ದ ಮಿರ್ಚಿ ಗಾಡಿಯವನ ಹಣೆಗೆ ಹೋಗಿ ಅಂಟಿತು.

"ಇನ್ನೊಂಚೂರು ತಡಿ ದಾದಣ್ಣ, ಇನ್ನೂ ಗಟ್ಟಿಯಾಗಿಲ್ಲ!"

ನಿಜಗುಣ ಉಸ್ಸಪ್ಪಾ ಅಂದು ಫೋನ್ ಮಾಡಿ ಕೊಟ್ಟ. ಕೊಟ್ರವ್ವ ಮತ್ತೆ ಹಣೆ ಬಡಿದುಕೊಂಡಳು. "ಲೇ ಕೋಣ! ಕಾರ ಹತ್ತಿದವರಿಗೆ ಗಾಳಿ ಹೊಡೀತಾರೇನಲೇ! ಕಾರ ಹತ್ತಿದವರಿಗೆ ತಣ್ಣಗೆ ಮಜ್ಜಿಗೆ ಕೊಡಬೇಕು. ಅವರು ಕೇಳೋವರೆಗೂ ಕಾಯಬಾರದು, ಹತ್ತಿದ ಕೂಡಲೇ ಬಾಯಿಗೆ ಸುರಿದುಬಿಡಬೇಕು!"

"ಆತು ಬಿಡವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಕಡೆ ನಾಲಿಗೆ ಸುಡುವ ಖಾರಕ್ಕೂ ಕಾರ ಅಂತಲೇ ಅನ್ನುತ್ತಾರೆ. ಅದು ನೆತ್ತಿಗೇರಿದರೆ ಕಾರ ಹತ್ತಿತು ಅನ್ನುತ್ತಾರೆ. ಓಡಿಸುವ ಕಾರನ್ನೂ ಜನ ಹತ್ತುತ್ತಾರೆ. ಕೊಟ್ರವ್ವ ಹೇಳಿದ್ದು ಒಂದು, ಕರಿಬಸ ಕೇಳಿಸಿಕೊಂಡದ್ದು ಇನ್ನೊಂದು. ಅವನು ಎಲ್ಲಿಂದಲೋ ಒಂದು ತಂಬಿಗೆ ಮಜ್ಜಿಗೆ ತಂದು, ಕಾರಿನ ಹಿಂದಿನ ಸೀಟಿನಲ್ಲಿ ತಯಾರಾಗಿ ಕೂತ.

ಮೆರವಣಿಗೆಯ ಯಜಮಾನರು ವೀರಬಸಪ್ಪನವರು ಬಂದರು. ಇಸ್ತ್ರಿ ಮಾಡಿದ ಬಿಳಿ ಜುಬ್ಬಾ, ಬಿಳಿ ಪಂಚೆ. ಯಾವ ಕಾರು ಸಾಲಿಗೆ ಸೇರಬೇಕು, ಯಾವುದು ಬೇಡ ಅನ್ನುವವರು ಅವರೇ. ಯಜಮಾನರು ಕಾರಿನ ಸುತ್ತ ಒಂದು ಸುತ್ತು ಬಂದರು, ಬಾಗಿಲು ಸವರಿದರು.

"ಭಾಳ ಚೆನ್ನಾಗಿ ಇಟ್ಕೊಂಡೀಯಪ್ಪಾ. ಒಳಗೆ ಹೆಂಗೈತೆ ನೋಡೋಣ."

ಅವರು ಕಾರು ಹತ್ತಿದರು. ಹತ್ತಿದ ಕೂಡಲೇ ಕರಿಬಸ ಹಿಂದಿನಿಂದ ಗದ್ದ ಹಿಡಿದು, ತಲೆ ಹಿಂದಕ್ಕೆ ಬಗ್ಗಿಸಿ, ತಂಬಿಗೆ ಪೂರ್ತಿ ಸುರಿದ! ಬಾಯಿಗೆ ಹೋದದ್ದು ಒಂದು ಗುಟುಕು. ಉಳಿದದ್ದು ಮೂಗಿಗೆ, ಮೀಸೆಗೆ, ಜುಬ್ಬಾಗೆ. ಮೀಸೆಯ ತುದಿಯಲ್ಲಿ ಒಂದು ಕರಿಬೇವಿನ ಎಲೆ ನೇತಾಡಿತು.

"ಏನಲೇ ಇದು!"

"ಮಜ್ಜಿಗೆ ರೀ. ಕಾರ್ ಹತ್ತಿದ್ರಲ್ಲ ನೀವು."

ಯಜಮಾನರು ಇಳಿದರು. "ಈ ಕಾರು ಮೆರವಣಿಗೆಗೆ ಬ್ಯಾಡ" ಅಂದರು.

ನಿಜಗುಣ ಅವರ ಹಿಂದೆ ನಡೆದ. ಕೋಪ ಮಾಡಿಕೊಳ್ಳಲೂ ಅವನಲ್ಲಿ ತ್ರಾಣ ಉಳಿದಿರಲಿಲ್ಲ. "ಯಜಮಾನ್ರೇ, ಇದು ನನ್ನ ಆಸೆ ಅಲ್ಲರೀ, ಅಪ್ಪನದು. ಅವನು ನೋಡಲಿಲ್ಲ, ಕಾರಾದ್ರೂ ಓಡಲಿ" ಅಂದ. ತನ್ನ ಹೆಗಲ ಮೇಲಿನ ಟವಲಿನಿಂದಲೇ ಅವರ ಮೀಸೆ ಒರೆಸಿದ.

ಯಜಮಾನರು ಕಾರಿನ ಕಡೆ ತಿರುಗಿ ನೋಡಿದರು. ಆಮೇಲೆ "ಆತು, ಸಾಲಿನ ಕೊನೇಗೆ ಬಾ. ನಿನ್ನ ನಂಬರು ಹತ್ತು. ಕರೆದಾಗ ಬರಬೇಕು" ಅಂದರು.

ಈ ಸಲ ಫೋನ್ ಮಾಡಿ ಕೊಟ್ಟದ್ದು ದಾದಾಪೀರ. ಕೊಟ್ರವ್ವನಿಗೆ ಬಡಿದುಕೊಳ್ಳಲು ಹಣೆಯೇ ಉಳಿದಿರಲಿಲ್ಲ. ದನಿ ಇಳಿದುಹೋಗಿತ್ತು. "ಕರಿಬಸ, ನನ್ನಪ್ಪಾ, ಇನ್ಮೇಲೆ ನೀನಾಗೇ ಏನೂ ಮಾಡಬ್ಯಾಡ. ಆ ಯಜಮಾನ್ರು ಇಳಿ ಅಂದ್ರೆ ಇಳಿ, ಹತ್ತು ಅಂದ್ರೆ ಹತ್ತು. ಅವರನ್ನ ಬಿಟ್ಟು ಬೇರೆ ಯಾರ ಮಾತೂ ಕೇಳಬ್ಯಾಡ!"

"ಆತು ಬಿಡವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಸಂಜೆಯಾಯಿತು. ಕಾರುಗಳು ಒಂದರ ಹಿಂದೆ ಒಂದು ಹೊರಟವು. ಕೊನೆಗೆ ಯಜಮಾನರು ಮೈಕಿನಲ್ಲಿ ಕೂಗಿದರು, "ಹತ್ತು!"

ಕರಿಬಸ ಕಾರು ಹತ್ತಿದ.

ಎಂಜಿನ್ ಕೆಮ್ಮಿತು, ತಡವಾಯಿತು. "ಹತ್ತು! ಏ ಹತ್ತು!" ಅಂತ ಮತ್ತೆ ಕೂಗಿದರು. ಕಾರೊಳಗೆ ಕೂತವನು ಇನ್ನೆಲ್ಲಿಗೆ ಹತ್ತಬೇಕು? ಕರಿಬಸ ಕಿಟಕಿಯಿಂದ ಹೊರಬಂದು ಕಾರಿನ ನೆತ್ತಿ ಹತ್ತಿದ! ಒಂದು ವರ್ಷ ತಿಕ್ಕಿದ ಬಣ್ಣದ ಮೇಲೆ ಚಪ್ಪಲಿ ಕಾಲಿಟ್ಟು, ಕೈಕಟ್ಟಿ ಕೂತ.

"ಇಳಿಯಲೇ!" ಅಂದ ನಿಜಗುಣ.

"ನೀನು ಯಜಮಾನನಲ್ಲಣ್ಣ."

ಕಾರು ಹಾಗೇ ಹೊರಟಿತು. ಜನ ಸಿಳ್ಳೆ ಹಾಕಿದರು, ಚಪ್ಪಾಳೆ ತಟ್ಟಿದರು. ಕಾರಿಗೋ ಕರಿಬಸನಿಗೋ ನಿಜಗುಣನಿಗೆ ತಿಳಿಯಲಿಲ್ಲ. ಅಪ್ಪನ ಕಾರು ಊರು ಸುತ್ತಿತು, ಅವನಿಗೆ ಅಷ್ಟೇ ಸಾಕಿತ್ತು. ಮುಗಿದ ಮೇಲೆ ಯಜಮಾನರನ್ನು ಹುಡುಕಿದರೆ, ಹುಳಿ ವಾಸನೆ ತಾಳಲಾರದೆ ಅವರು ಸ್ನಾನಕ್ಕೆ ಮನೆಗೆ ಹೋಗಿದ್ದರು. ನಿಜಗುಣ ಎತ್ತಿನ ಗಾಡಿಯ ಹಾಗೆ ಮೆಲ್ಲಗೆ, ನೆತ್ತಿಯ ಮೇಲೆ ಕರಿಬಸನನ್ನು ಕೂರಿಸಿಕೊಂಡೇ ಹರಪನಹಳ್ಳಿ ಮುಟ್ಟಿಸಿದ.

ಕೊಟ್ರವ್ವ ಬಾಗಿಲಿಗೆ ಓಡಿಬಂದಳು. "ಇಳಿಯಲೇ! ನನ್ನ ಮಾತಾದ್ರೂ ಕೇಳಲೇ!"

"ನಿನ್ನ ಮಾತೇ ಕೇಳ್ತಿರೋದವ್ವ! ಯಜಮಾನ್ರನ್ನ ಬಿಟ್ಟು ಬೇರೆ ಯಾರ ಮಾತೂ ಕೇಳಬ್ಯಾಡ ಅಂದಿಯಲ್ಲ."

ಕೊಟ್ರವ್ವ ಕಟ್ಟೆಯ ಮೇಲೆ ಕುಸಿದಳು. ಉಳಿದದ್ದು ಒಂದೇ ದಾರಿ. ನಿಜಗುಣ ಯಜಮಾನರಿಗೇ ಫೋನ್ ಮಾಡಿ, ಕರಿಬಸನಿಗೆ ಕೇಳಲಿ ಅಂತ ಸ್ಪೀಕರ್ ಹಾಕಿ ಮೇಲೆತ್ತಿ ಹಿಡಿದ.

"ಯಜಮಾನ್ರೇ, ನಾನು ರೀ, ನಿಜಗುಣ. ಬಿಳಿ ಕಾರಿನವನು."

ಯಜಮಾನರು ಜೋರಾಗಿ ಕೇಳಿದರು, "ಯಾರು? ಓಹೋ, ಹತ್ತು!"

"ಆತ್ರೀ ಯಜಮಾನ್ರೇ" ಅಂದ ಕರಿಬಸ. ಕಾರಿನ ನೆತ್ತಿಯಿಂದ ಒಂದೇ ನೆಗೆತಕ್ಕೆ ಮನೆಯ ಮಾಳಿಗೆ ಹತ್ತಿದ.

ಮಾಳಿಗೆಯ ಮೇಲೆ ಟಿ.ವಿ.ಯ ಕಂಬ ಒಂದಿತ್ತು. ಯಜಮಾನರು ಇನ್ನೊಮ್ಮೆ ಬಾಯಿ ತೆರೆಯುವ ಮೊದಲು ನಿಜಗುಣ ಫೋನ್ ಕಟ್ ಮಾಡಿದ.