ರಕ್ತ ನಿಂತ ವಸಡು

ನಿಶಾಂತನ ಬಾಯಲ್ಲಿ ವಸಡೊಂದು ದವಡೆಹಲ್ಲನ್ನು ತಮ್ಮನಂತೆ ತಬ್ಬಿ ಸಾಕಿತ್ತು. ಕ್ರಿಮಿಗಳು ಹಲ್ಲಿನ ಬುಡಕ್ಕೆ ನುಗ್ಗಿದಾಗಲೆಲ್ಲ ವಸಡು ರಕ್ತ ಸುರಿಸುತ್ತಿತ್ತು. ನಿಶಾಂತ ಬೆದರಿ ಬ್ರಶ್ ಹಿಡಿಯುತ್ತಿದ್ದ.

ಒಂದು ದಿನ ಇ-ಸಿಗರೇಟಿನ ಹೊಗೆ ಮಾವಿನಹಣ್ಣಿನ ವಾಸನೆ ಬಳಿದುಕೊಂಡು ಒಳಗೆ ಬಂತು. "ಅಕ್ಕಾ, ಎಷ್ಟಂತ ಅಳುತ್ತೀಯ? ನಾನು ನಿಲ್ಲಿಸುತ್ತೇನೆ" ಎಂದು ವಸಡಿನ ರಕ್ತನಾಳಗಳನ್ನು ಹಿಂಡಿತು. ರಕ್ತ ನಿಂತಿತು. ಕ್ರಿಮಿಗಳು ನಿಶ್ಚಿಂತೆಯಿಂದ ಬುಡದಲ್ಲೇ ಬಿಡಾರ ಹೂಡಿದವು.

"ಅಕ್ಕಾ, ಈಗ ನೀನು ಅಳುವುದೇ ಇಲ್ಲವಲ್ಲ, ವಾಸಿಯಾಯಿತೇ?" ಎಂದಿತು ಹಲ್ಲು, ಅಲುಗಾಡುತ್ತಾ.

"ಇಲ್ಲ ತಮ್ಮಾ, ಆ ಹೊಗೆ ನನ್ನ ಕತ್ತು ಹಿಸುಕಿ ಕೂಗು ಅಡಗಿಸಿದೆ."

ನಿಶಾಂತ ಕನ್ನಡಿ ನೋಡಿ, "ಒಂದು ಹನಿ ರಕ್ತವಿಲ್ಲ, ಬಾಯಿ ಈಗ ಚೊಕ್ಕ" ಎಂದು ಇನ್ನೊಂದು ದಮ್ಮು ಎಳೆದ.

ಹಲ್ಲು ಕಳಚಿ ಬಿದ್ದ ದಿನ ವಸಡಿನಿಂದ ಮತ್ತೆ ರಕ್ತ ಬಂತು. ನಿಶಾಂತ ಬೆದರಿ ಬ್ರಶ್ ಹಿಡಿದು ಓಡಿಬಂದ. ಉಜ್ಜಲು ಅಲ್ಲಿ ತಮ್ಮ ಇರಲಿಲ್ಲ.