ತಾಳೆಬೀಜದ ತಪಾಸಣೆ

ಊಟಿಯ ನರ್ಸರಿಯೊಂದರಲ್ಲಿ, ಚಳಿ ತಡೆದು ಬೀಸಣಿಗೆಯಂಥ ಎಲೆ ಬಿಡುವ ತಾಳೆಯ ಬೀಜವನ್ನು ಕುಂಡದಲ್ಲಿ ಊರಿದ್ದರು. ಕೈಸಲಿಕೆ ವಾರಕ್ಕೊಮ್ಮೆ ತಪಾಸಣೆಗೆ ಬಂದು ಅದನ್ನು ಅಗೆದು ನೋಡುತ್ತಿತ್ತು.

"ಪಕ್ಕದ ಮೂಲಂಗಿ ನಾಲ್ಕೇ ದಿನಕ್ಕೆ ಎದ್ದಿತು. ನೀನು ಮೂರು ತಿಂಗಳಿಂದ ಮಲಗಿದ್ದೀಯಲ್ಲ, ಮಹಾರಾಯ" ಎಂದಿತು ಸಲಿಕೆ.

"ನಮ್ಮಲ್ಲಿ ಮೊದಲು ಬೇರು ಕೆಳಗಿಳಿಯಬೇಕು ಸ್ವಾಮಿ, ಎಲೆ ಆಮೇಲೆ. ನೀವು ಅಗೆಯದಿದ್ದರೆ ಬದುಕುತ್ತೇನೆ" ಎಂದಿತು ಬೀಜ.

"ಕಣ್ಣಾರೆ ನೋಡದೆ ನಂಬಲು ನನಗೇನು ಹುಚ್ಚೇ?" ಎಂದು ಸಲಿಕೆ ಈ ಸಲ ಇನ್ನೂ ಆಳಕ್ಕೆ ನುಗ್ಗಿ ಬೀಜವನ್ನು ಎತ್ತಿಹಾಕಿತು. ಆಮೇಲೆ ಒಡತಿ ಮಾಸಿಯಮ್ಮನಿಗೆ ವರದಿ ಒಪ್ಪಿಸಿತು: "ಇದು ಶುದ್ಧ ಸೋಮಾರಿ ಅಮ್ಮಾ, ಬೇರನ್ನೇ ಬಿಟ್ಟಿಲ್ಲ."

ಮಾಸಿಯಮ್ಮ ಆ ಮಾತು ನಂಬಿ ಬೀಜವನ್ನು ತಿಪ್ಪೆಗೆ ಎಸೆದಳು. ಸಲಿಕೆಯ ಅಲಗಿಗೆ ಗೇಣುದ್ದದ ಬಿಳಿ ಬೇರೊಂದು ತುಂಡಾಗಿ ಅಂಟಿಕೊಂಡಿತ್ತು.