ಕೊಳದ ಹೀಟರ್ ಹೊತ್ತಿಕೊಳ್ಳದ ದಿನ

ಕಪಿಲಾ ನದಿಯ ದಡದಲ್ಲಿ ಒಂದು ಮಠವಿತ್ತು. ಮಠದ ಹಿಂಭಾಗದಲ್ಲಿ ಒಂದು ಸಣ್ಣ ಕೊಳ.

ಕೊಳ ಎಂದರೆ ಕಲ್ಯಾಣಿಯಲ್ಲ. ಸಿಮೆಂಟಿನ ತೊಟ್ಟಿ, ಎದೆಮಟ್ಟದ ನೀರು, ಹಿಡಿದುಕೊಳ್ಳಲು ಸುತ್ತಲೂ ಸ್ಟೀಲಿನ ಕಂಬಿ. ಪಾರ್ಶ್ವವಾಯು ಬಡಿದವರು, ಮಂಡಿ ಹಿಡಿದವರು ಬಂದು ಅದರಲ್ಲಿ ನಿಂತು ಕೈಕಾಲು ಆಡಿಸುತ್ತಿದ್ದರು. ನೆಲದ ಮೇಲೆ ಏಳದ ಕಾಲು ನೀರಿನಲ್ಲಿ ಹಗುರಾಗಿ ಏಳುತ್ತದೆ. ನೀರು ಬೆಚ್ಚಗಿರಬೇಕು, ಅಷ್ಟೆ. ತಣ್ಣಗಿದ್ದರೆ ಕಾಲು ಇನ್ನಷ್ಟು ಬಿಗಿಯುತ್ತದೆ.

ನೀರು ಕಾಯಿಸಲು ಪಕ್ಕದ ಕೋಣೆಯಲ್ಲಿ ಗ್ಯಾಸಿನ ಹೀಟರ್ ಇತ್ತು. ಒಂದು ಮೋಟಾರ್ ಕೊಳದ ನೀರನ್ನು ಎಳೆದು ಹೀಟರಿಗೆ ಕೊಡುತ್ತಿತ್ತು. ಹೀಟರ್ ಅದನ್ನು ಕಾಯಿಸಿ ಕೊಳಕ್ಕೇ ಹಿಂದಿರುಗಿಸುತ್ತಿತ್ತು.

ಅದನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಶಿವನಂಜ ಎಂಬ ಶಿಷ್ಯ. ಏನು ಮಾಡಿದರೂ ಮನಸ್ಸಿಟ್ಟು ಮಾಡುವವನು. ಮಾಡಿದ ಮೇಲೆ ಗುರುಗಳು ನೋಡಿದರೇ ಎಂದು ಒಮ್ಮೆ ತಿರುಗಿ ನೋಡುವವನು.

ಗುರುಗಳು ಗುರುಲಿಂಗ ಸ್ವಾಮಿಗಳು. ವಯಸ್ಸಾದವರು. ಆ ಕಡೆಯ ರೂಢಿಯಂತೆ ಎಲ್ಲರೂ ಅವರನ್ನು ‘ಬುದ್ಧಿ’ ಎಂದು ಕರೆಯುತ್ತಿದ್ದರು.

ಆಯುಧಪೂಜೆ ಬಂತು. ಆಯುಧಪೂಜೆಯೆಂದರೆ ಯಂತ್ರಗಳಿಗೂ ಹಬ್ಬ. ಅಂದೂ ಮಾರನೆಯ ವಿಜಯದಶಮಿಯಂದೂ ಮಠದಲ್ಲಿ ಯಾವ ಯಂತ್ರವನ್ನೂ ಓಡಿಸುವುದಿಲ್ಲ. ಶಿವನಂಜ ಹೀಟರನ್ನು ಒರೆಸಿ ವಿಭೂತಿ ಹಚ್ಚಿದ. ಮೋಟಾರಿಗೆ ಕುಂಕುಮ ಇಟ್ಟ. ಕೊಳಕ್ಕೂ ಗಂಗೆ ಪೂಜೆ ಆಗಲಿ ಎಂದು ಮಂಕರಿ ತುಂಬ ಚೆಂಡು ಹೂವು ತಂದು, ಎಸಳು ಬಿಡಿಸಿ, ನೀರಿನ ಮೇಲೆಲ್ಲ ಚೆಲ್ಲಿದ.

ಕೊಳ ಹಳದಿ ಸೀರೆ ಹಾಸಿದಂತೆ ಕಾಣುತ್ತಿತ್ತು. ಬಂದವರೆಲ್ಲ ನಿಂತು ನೋಡಿದರು. ಗುರುಗಳೂ ನಿಂತು ನೋಡಿದರು.

ಹಬ್ಬ ಕಳೆದ ಬೆಳಿಗ್ಗೆ ಶಿವನಂಜ ಮೇಲೆ ತೇಲುತ್ತಿದ್ದಷ್ಟು ಎಸಳನ್ನು ಜಾಲರಿಯಲ್ಲಿ ಎತ್ತಿ ಹಾಕಿದ. ಮೋಟಾರ್ ಹಾಕಿದ. ಹೀಟರಿನ ಗುಂಡಿ ಒತ್ತಿದ.

ಫ್ಯಾನ್ ತಿರುಗಿತು. ಕಿಡಿ ಬರಲಿಲ್ಲ. ಕೆಂಪು ದೀಪ ಮಿಣುಕಿ ಎಲ್ಲ ನಿಂತುಹೋಯಿತು.

ಮತ್ತೆ ಒತ್ತಿದ. ಮತ್ತೆ ಹಾಗೇ ಆಯಿತು.

ಕೊಳದ ಅಂಚಿನಲ್ಲಿ, ಗಾಲಿಕುರ್ಚಿಯಲ್ಲಿ ಪುಟ್ಟಮಾದಮ್ಮ ಕೂತಿದ್ದರು. ಕೊಳ್ಳೇಗಾಲದ ಕಡೆಯವರು. ಬಿಸಿನೀರಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಿದ್ದ ಹೆಂಗಸು. ಎಡಗಡೆಗೆ ಪಾರ್ಶ್ವವಾಯು ಬಡಿದಿತ್ತು. ಹಬ್ಬಕ್ಕೆ ಮುಂಚೆ ಬೆಚ್ಚಗಿನ ನೀರಿನಲ್ಲಿ ಅವರ ಎಡಗಾಲಿನ ಹೆಬ್ಬೆರಳು ಸ್ವಲ್ಪ ಅಲುಗಿತ್ತು. ಹಬ್ಬದಲ್ಲಿ ನೀರಿಗೆ ಇಳಿಯಲಿಲ್ಲ, ಕಾಲು ಪುನಃ ಮರದ ತುಂಡಿನಂತಾಗಿತ್ತು.

“ಏನಪ್ಪ ಶಿವನಂಜ, ನಿನ್ ಹೀಟರ್‌ಗೂ ನಂಗ್ ಬಡಿದಿದ್ದೇ ಬಡೀತಾ?” ಎಂದರು.

“ಈಗ ಸರಿಹೋಗುತ್ತೆ ಅವ್ವ.”

“ಬಿಸಿನೀರಿಲ್ದೆ ಗೂಡೂ ಎಳೆ ಬಿಡಲ್ಲ, ನನ್ ಕಾಲೂ ಬಿಡಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಮಗ ಆಟೋ ತತ್ತಾನೆ. ಅಷ್ಟರಲ್ಲಿ ಕಾಲು ಆಡಿದ್ರೆ ಇರ್ತೀನಿ. ಇಲ್ದಿದ್ರೆ ಮನೇಲಿ ಹೋಗಿ ಮಲಗ್ತೀನಿ. ಮಲಗೋದಕ್ಕೆ ಇಷ್ಟು ದೂರ ಯಾಕ್ ಬರಬೇಕು?”

ನಗುತ್ತಲೇ ಹೇಳಿದರು. ಆದರೆ ಕುರ್ಚಿಯ ಪಕ್ಕದಲ್ಲಿ ಅವರ ಬಟ್ಟೆಯ ಗಂಟು ಕಟ್ಟಿ ಸಿದ್ಧವಾಗಿತ್ತು. ಮನೆಗೆ ಹೋದರೆ ಅವರು ಮತ್ತೆ ಬರುವುದಿಲ್ಲ ಎಂದು ಶಿವನಂಜನಿಗೆ ಗೊತ್ತಿತ್ತು. ಹಾಗೆ ಹೋದ ಯಾರೂ ಮತ್ತೆ ಬಂದಿರಲಿಲ್ಲ.

ಅವನು ಸಿಲಿಂಡರ್ ಬದಲಿಸಿದ. ಬರ್ನರ್ ಬಿಚ್ಚಿ ಬ್ರಷ್ಷಿನಲ್ಲಿ ಉಜ್ಜಿದ. ಹೊಗೆಕೊಳವೆಯಲ್ಲಿ ಗುಬ್ಬಿ ಗೂಡು ಕಟ್ಟಿದೆಯೋ ಎಂದು ಇಣುಕಿದ. ಬೆಂಕಿಗೆ ಸಂಬಂಧಪಟ್ಟದ್ದು ಯಾವುದನ್ನೂ ಬಿಡಲಿಲ್ಲ.

ಬೆಂಕಿ ಬರಲಿಲ್ಲ.

ಮೈಸೂರಿನ ಮೆಕ್ಯಾನಿಕ್ ಅಕ್ಮಲ್‌ಗೆ ಫೋನ್ ಮಾಡಿದ.

“ಕಿಡಿ ಟಿಕ್ ಟಿಕ್ ಅನ್ನುತ್ತಾ?” ಎಂದ ಅಕ್ಮಲ್.

“ಸದ್ದೇ ಇಲ್ಲ.”

“ಹಂಗಾದ್ರೆ ನೀರಿನ ಸ್ವಿಚ್ ಬಿಡ್ತಾ ಇಲ್ಲ. ಕೊಳವೆಯಲ್ಲಿ ನೀರು ಜೋರಾಗಿ ಬಂದ್ರೆ ಮಾತ್ರ ಅದು ಬೆಂಕಿಗೆ ಅಪ್ಪಣೆ ಕೊಡೋದು. ನಾಳೆ ಬಂದು ನೋಡ್ತೀನಿ.”

“ಇವತ್ತೇ ಬೇಕು. ಆ ಸ್ವಿಚ್ಚಿನ ಎರಡು ತಂತಿ ಬಿಚ್ಚಿ ನಾನೇ ಜೋಡಿಸಿಬಿಟ್ರೆ?”

“ಹೊತ್ತುತ್ತೆ. ಆಮೇಲೆ ಏನಾಗುತ್ತೆ ಅಂತ ನನ್ನ ಕೇಳಬೇಡಿ.”

ಶಿವನಂಜ ಫೋನ್ ಇಟ್ಟು ತಂತಿ ಬಿಚ್ಚತೊಡಗಿದ. ಬಾಗಿಲಲ್ಲಿ ನೆರಳು ಬಿತ್ತು. ಗುರುಗಳು ನಿಂತಿದ್ದರು.

“ಏನು ಮಾಡ್ತಾ ಇದೀಯ ಮಗ?”

“ಈ ಸ್ವಿಚ್ ಅಡ್ಡ ಬರ್ತಾ ಇದೆ ಬುದ್ಧಿ. ಇದನ್ನ ದಾಟಿಸ್ತಾ ಇದೀನಿ.”

“ಅಡ್ಡ ನಿಂತವನನ್ನ ಯಾಕೆ ನಿಂತಿದೀಯ ಅಂತ ಕೇಳಿದ್ಯಾ?”

“ಕೇಳೋಕೆ ಹೊತ್ತಿಲ್ಲ ಬುದ್ಧಿ. ಊಟದ ಹೊತ್ತಿಗೆ ಪುಟ್ಟಮಾದಮ್ಮ ಹೊರಟುಬಿಡ್ತಾರೆ.”

“ಹಂಗಾದ್ರೆ ಬೇಗ ಕೇಳು.”

ಶಿವನಂಜನ ಕೈ ನಿಂತಿತು. “ನೀರು ಬರ್ತಾ ಇಲ್ಲ ಅಂತ ಅದು ತಿಳ್ಕೊಂಡಿದೆ. ನೀರಿಲ್ಲದೆ ಬೆಂಕಿ ಹಚ್ಚಿದ್ರೆ ಒಳಗಿನ ತಾಮ್ರದ ಕೊಳವೆ ಸುಟ್ಟುಹೋಗುತ್ತೆ. ಅದಕ್ಕೇ ತಡೀತಾ ಇದೆ. ಆದ್ರೆ ನೀರು ಬರ್ತಾ ಇದೆ ಬುದ್ಧಿ. ಮೋಟಾರ್ ಸದ್ದು ಕೇಳಿಸ್ತಾ ಇಲ್ವಾ?”

ಗುರುಗಳು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದರು.

“ಸದ್ದು ಕೇಳಿಸ್ತಾ ಇದೆ” ಎಂದರು.

“ಪೂಜೆಯಲ್ಲಿ ಏನಾದರೂ ಲೋಪವಾಯ್ತಾ ಬುದ್ಧಿ? ಎಲ್ಲ ಕ್ರಮವಾಗಿ ಮಾಡಿದ್ದೆ.”

ಗುರುಗಳು ಹೊರಗೆ ಹೋದರು. ಹೆಗಲ ಮೇಲಿನ ವಸ್ತ್ರ ತೆಗೆದು ಕಂಬಿಯ ಮೇಲೆ ಹಾಕಿದರು. ಮೆಟ್ಟಿಲು ಇಳಿದು ಆ ತಣ್ಣಗಿನ ನೀರಿಗೆ ಹೋದರು.

“ಬುದ್ಧಿ, ನೀವ್ಯಾಕೆ ಇಳಿದ್ರಿ? ಶೀತ ಆಗುತ್ತೆ” ಎಂದು ಶಿವನಂಜ ಓಡಿಬಂದ.

“ನೀನು ಬೆಂಕಿ ನೋಡ್ತಾ ಇದೀಯ. ನಾನು ನೀರು ನೋಡ್ತೀನಿ.”

“ನಮ್ ಬುದ್ಧಿಗೆ ವಯಸ್ಸಾಯ್ತು ಅಂದೋರ್ಯಾರು?” ಎಂದರು ಪುಟ್ಟಮಾದಮ್ಮ.

ಕೊಳದ ಗೋಡೆಯಲ್ಲಿ ಒಂದು ತೂಬಿತ್ತು. ಹೀಟರಿನಿಂದ ಮರಳಿ ಬರುವ ನೀರು ಅಲ್ಲಿಂದಲೇ ಕೊಳಕ್ಕೆ ನುಗ್ಗಬೇಕು. ಬೇರೆ ದಿನಗಳಲ್ಲಿ ಅದರ ಮುಂದೆ ನಿಂತರೆ ಆ ರಭಸ ಹೊಟ್ಟೆಗೆ ಒತ್ತುತ್ತಿತ್ತು. ಗುರುಗಳು ಅದರ ಬಾಯಿಗೆ ಅಂಗೈ ಒಡ್ಡಿ ನಿಂತರು. ತುಟಿ ನಡುಗುತ್ತಿತ್ತು. ಕೈ ಅಲುಗಲಿಲ್ಲ.

“ಮೋಟಾರ್ ಓಡ್ತಾ ಇದೆ ಮಗ. ನೀರು ಓಡ್ತಾ ಇಲ್ಲ.”

ಶಿವನಂಜ ಮೋಟಾರ್ ಕಡೆ ನಡೆದ.

ಮೋಟಾರಿನ ಮುಂದೆ ಮುಚ್ಚಳವಿರುವ ಒಂದು ಡಬ್ಬಿಯಿರುತ್ತದೆ. ಅದರೊಳಗೆ ಪ್ಲಾಸ್ಟಿಕ್ಕಿನ ಜಾಲರಿ ಬುಟ್ಟಿ. ಕೊಳದಿಂದ ಕಸಕಡ್ಡಿ ಬಂದರೆ ಅಲ್ಲೇ ನಿಲ್ಲಲಿ, ಮುಂದೆ ಹೋಗದಿರಲಿ ಎಂದು ಇಟ್ಟಿರುವುದು. ಶಿವನಂಜ ಮೋಟಾರ್ ನಿಲ್ಲಿಸಿದ. ಮುಚ್ಚಳ ತಿರುಗಿಸಿ ತೆಗೆದ. ಬುಟ್ಟಿಯನ್ನು ಮೇಲೆತ್ತಿದ.

ಬುಟ್ಟಿಯ ತುಂಬ ಚೆಂಡು ಹೂವಿನ ಎಸಳು. ಹಬ್ಬದಲ್ಲಿ ನೆನೆದು ಮುಳುಗಿ ತಳ ಸೇರಿದ್ದು, ಬೆಳಿಗ್ಗೆ ಮೋಟಾರ್ ಹಾಕಿದ ಕೂಡಲೇ ಎಳೆದುಕೊಂಡು ಬಂದು ಅಲ್ಲಿ ಕೂತಿತ್ತು. ಹಳದಿ ಕಂದಾಗಿತ್ತು. ಹಿಂಡಿದ ಹುಣಸೆಹಣ್ಣಿನಂತೆ ಒತ್ತಾಗಿ, ಒಂದು ಹನಿ ನೀರೂ ನುಸುಳದಂತೆ.

ಅವನ ಕಿವಿ ಬಿಸಿಯಾಯಿತು.

“ಬುದ್ಧಿ, ನಾನು ಹಾಕಿದ ಹೂವು” ಎಂದ.

“ಪೂಜೆಯಲ್ಲಿ ಲೋಪವಾಯ್ತಾ ಅಂತ ಕೇಳಿದೆಯಲ್ಲ. ಲೋಪ ಆಗಿರಲಿಲ್ಲ. ಅತಿಯಾಗಿತ್ತು.”

ಪುಟ್ಟಮಾದಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಶಿವನಂಜ ತಲೆ ತಗ್ಗಿಸಿದ.

“ಅಂಥ ಚಂದದ ಹೂವು ನಾನೂ ಹಾಕ್ತಿದ್ದೆ ಕಣಪ್ಪ, ಬೇಜಾರಾಗ್ಬೇಡ” ಎಂದರು ಆಕೆ. “ಬೇಗ ತೊಳಿ. ಬುದ್ಧಿ ನೀರಲ್ಲೇ ನಿಂತವ್ರೆ.”

ಶಿವನಂಜ ಬೆರಳು ಹಾಕಿ ಎಸಳು ಕಿತ್ತು ತೆಗೆದ. ಬುಟ್ಟಿಯನ್ನು ನಲ್ಲಿಗೆ ಹಿಡಿದು ಒಂದೊಂದು ಕಣ್ಣೂ ಕಾಣುವವರೆಗೆ ಉಜ್ಜಿದ. ನಡುವೆ ತಿರುಗಿ, “ಮೇಲೆ ಬನ್ನಿ ಬುದ್ಧಿ” ಎಂದ. ಗುರುಗಳು ಬರಲಿಲ್ಲ. ಅಂಗೈ ತೂಬಿಗೆ ಒಡ್ಡಿಯೇ ಇದ್ದರು.

“ನೀರು ಬಂದಾಗ ಬಂತು ಅಂತ ಹೇಳೋಕೆ ಯಾರಾದರೂ ಬೇಕಲ್ಲ” ಎಂದರು.

ಬುಟ್ಟಿ ಒಳಗೆ ಹೋಯಿತು. ಮೋಟಾರ್ ಗಾಳಿ ಹಿಡಿಯಬಾರದು ಎಂದು ಶಿವನಂಜ ಡಬ್ಬಿಗೆ ಒಂದು ಬಿಂದಿಗೆ ನೀರು ಸುರಿದ. ಮುಚ್ಚಳ ಬಿಗಿದ. ಮೋಟಾರಿನ ಗುಂಡಿಗೆ ಕೈ ಹಾಕುವ ಮೊದಲು, ಅರ್ಧ ಬಿಚ್ಚಿದ್ದ ಆ ಎರಡು ತಂತಿಗಳನ್ನು ಹಿಂದಿನಂತೆಯೇ ಅವುಗಳ ಜಾಗಕ್ಕೆ ಸೇರಿಸಿದ. ಮೋಟಾರ್ ಹಾಕಿದ.

ಗುರುಗಳ ಅಂಗೈ ಹಿಂದಕ್ಕೆ ಸರಿಯಿತು.

“ಬಂತು.”

ಶಿವನಂಜ ಹೀಟರಿನ ಗುಂಡಿ ಒತ್ತಿದ. ಫ್ಯಾನ್ ತಿರುಗಿತು. ಟಿಕ್, ಟಿಕ್, ಟಿಕ್. ಬುಸ್ ಎಂದು ನೀಲಿ ಬೆಂಕಿ ಹೊತ್ತಿಕೊಂಡಿತು.

ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬರುವ ಹೊತ್ತಿಗೆ ನೀರು ಬೆಚ್ಚಗಾಗಿತ್ತು. ಗೇಟಿನ ಹೊರಗೆ ಆಟೋ ಬಂದು ನಿಂತಿತ್ತು. ಪುಟ್ಟಮಾದಮ್ಮನ ಮಗ ಒಳಗೆ ಬಂದು ಗಂಟಿನ ಪಕ್ಕ ಕೂತ. ಮಠದ ಹೆಣ್ಣುಮಗಳೊಬ್ಬಳು ಪುಟ್ಟಮಾದಮ್ಮನನ್ನು ನಿಧಾನವಾಗಿ ಇಳಿಸಿದಳು. ಅವರು ಬಲಗೈಯಲ್ಲಿ ಕಂಬಿ ಹಿಡಿದು ನಿಂತರು. ಕಣ್ಣು ಮುಚ್ಚಿದರು.

ನೀರಿನಿಂದ ಎದ್ದುಬಂದಿದ್ದ ಗುರುಗಳು ಒದ್ದೆ ಕಾವಿಯಲ್ಲಿಯೇ ದಡದಲ್ಲಿ ನಿಂತಿದ್ದರು. ಅವರ ಪಾದ ಇನ್ನೂ ತಣ್ಣಗೆ, ಬೆಳ್ಳಗೆ, ಸುಕ್ಕುಗಟ್ಟಿತ್ತು.

ಶಿವನಂಜ ಅದನ್ನು ನೋಡಿದ. ನೋಡಿ ತಡೆಯಲಾಗಲಿಲ್ಲ. ನೆಲಕ್ಕೆ ಬಿದ್ದು ಆ ಪಾದಗಳನ್ನು ಎರಡು ಕೈಯಲ್ಲೂ ಹಿಡಿದುಕೊಂಡ. ಹಣೆ ಒತ್ತಿದ.

“ನನ್ನ ತಪ್ಪಿಗೆ ನೀವು ನಡುಗಿದ್ರಿ ಬುದ್ಧಿ. ನಿಮ್ಮಂಥ ಗುರುಗಳು ಸಿಗೋಕೆ ಯಾವ ಜನ್ಮದ ಪುಣ್ಯವೋ. ಇನ್ನು ಈ ಪಾದ ಬಿಡಲ್ಲ.”

ಗುರುಗಳ ದೃಷ್ಟಿ ಕೊಳದ ಮೇಲಿತ್ತು.

“ಬಿಡು ಮಗ” ಎಂದರು ಮೆಲ್ಲಗೆ. “ಅಲ್ಲಿ ನೀರೊಳಗೆ ಒಂದು ಕಾಲು ಏಳ್ತಾ ಇದೆ, ಅದನ್ನ ನೋಡು.”